ಯಾರ ಗಾಡಿ?

ಕಳಸದಲ್ಲಿ ಹಳೇ ಜೀಪು ಕೊಂಡು ತಂದವನನ್ನು ಎಷ್ಟಕ್ಕೆ ಆಯ್ತು ಅಂತ ಯಾರೂ ಮೊದಲು ಕೇಳುವುದಿಲ್ಲ. ಎಷ್ಟನೇ ಮಾಡೆಲ್ ಅಂತಲೂ ಕೇಳುವುದಿಲ್ಲ. "ಯಾರ ಗಾಡಿ?" ಅನ್ನುವುದೇ ಮೊದಲ ಪ್ರಶ್ನೆ. ದುಡ್ಡು ಎಣಿಸಿ ತಂದಾಯ್ತಲ್ಲ, ಇನ್ನು ಯಾರದ್ದಾಗಿದ್ದರೇನು ಅಂತ ಪೇಟೆಯವರಿಗೆ ಅನ್ನಿಸಬಹುದು. ಕೇಳಿದವನಿಗೆ ಬೇಕಾದ್ದೆಲ್ಲ ಆ ಹೆಸರಿನಲ್ಲೇ ಇರುತ್ತದೆ. ಸಂಸೆ ಕಡೆಯ ಇಂಥವರದ್ದು ಅಂದರೆ ಹೆಡ್ ಬಿಚ್ಚಿ ಕೂರಿಸಿದ ಗಾಡಿ. ಹೊರನಾಡು ದಾರಿಯಲ್ಲಿ ಬಾಡಿಗೆ ಹೊಡೆದದ್ದು ಅಂದರೆ ಯಾತ್ರಿಕರನ್ನು ಹೊತ್ತು ಪ್ಲೇಟ್ ಸ್ಪ್ರಿಂಗು ಮಲಗಿದ ಗಾಡಿ. ಹಿರೇಬೈಲಿನ ಇಂಥವರದ್ದು ಅಂದರೆ ಯಜಮಾನರೇ ಓಡಿಸಿದ್ದು, ಡ್ರೈವರ್ ಕೈಗೆ ಕೊಟ್ಟದ್ದಲ್ಲ. ಇದು ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಆ ಯಜಮಾನರ ಕಾಲು ಕ್ಲಚ್ ಮೇಲೆ ಎಷ್ಟು ಹೊತ್ತು ಇರುತ್ತಿತ್ತು ಅನ್ನುವುದರ ಮೇಲೆ ಹೋಗುತ್ತದೆ. ಅದೂ ಊರಿಗೆ ಗೊತ್ತಿರುತ್ತದೆ.

ನನ್ನ ಸೋದರಳಿಯನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವನು. ಬಹಳ ಕಾಲ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರಿನ ಹಿಂದೆ ಬಿದ್ದಿದ್ದ. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಅಂಥದ್ದನ್ನು ತಗೊಂಡು ನಮ್ಮಲ್ಲಿಗೆ ಬರುವುದಾದರೆ ಕೊಟ್ಟಿಗೆಹಾರದಲ್ಲೇ ಬಿಟ್ಟು ಬಸ್ಸು ಹತ್ತಬೇಕಾದೀತು ಅಂತ ಅವನ ಅಮ್ಮ ಹೇಳಿದ್ದಳು. ಕಾರು ಕೊಳ್ಳಲಿಲ್ಲ, ಆದರೆ ಕೊಳ್ಳುವ ಮುಂಚೆ ಏನೇನು ನೋಡಬೇಕು ಅನ್ನುವ ವಿದ್ಯೆಯನ್ನು ಪೂರ್ತಿ ಕಲಿತುಬಿಟ್ಟ. ಆ ವಿದ್ಯೆ ಸಣ್ಣದಲ್ಲ. ಹಳೆಯ ಸ್ಪೋರ್ಟ್ಸ್ ಕಾರುಗಳ ಲೋಕದಲ್ಲಿ ಕಾರ್ಖಾನೆಯಲ್ಲಿ ಯಾವ ಚಾಸಿಗೆ ಯಾವ ಎಂಜಿನ್ ಕೂರಿಸಿದ್ದರೋ ಅದೇ ಎಂಜಿನ್ ಇವತ್ತಿಗೂ ಅದರೊಳಗೆ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಬೇರೆ ಬೆಲೆ. ಮ್ಯಾಚಿಂಗ್ ನಂಬರ್ಸ್ ಅನ್ನುತ್ತಾರಂತೆ. ಜಾಗ್ವಾರ್ ಇ-ಟೈಪ್ ಕಾರಿನಲ್ಲಿ ಚಾಸಿ, ಎಂಜಿನ್, ಬಾಡಿ, ಗೇರ್‌ಬಾಕ್ಸ್ ನಾಲ್ಕರ ನಂಬರೂ ಒಂದೇ ಫಲಕದ ಮೇಲೆ ಇರುತ್ತವೆ. ಕೊಳ್ಳುವವನು ಟಾರ್ಚು ಹಿಡಿದು ಒಂದೊಂದನ್ನೂ ಕಬ್ಬಿಣದ ಮೇಲೆ ಹುಡುಕಿ ತಾಳೆ ನೋಡುತ್ತಾನೆ. ಫೆರಾರಿಯವರು 1962ರಿಂದ 1964ರವರೆಗೆ 250 ಜಿಟಿಒ ಅನ್ನುವ ಕಾರನ್ನು ಮೂವತ್ತಾರು ಮಾತ್ರ ಮಾಡಿದರು. ಅದರಲ್ಲೊಂದು 2018ರ ಆಗಸ್ಟ್‌ನಲ್ಲಿ ಅಮೆರಿಕದ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. ಅಷ್ಟು ದುಡ್ಡಿರುವ ಕಡೆ ಸುಳ್ಳು ನಂಬರು ಹೊಡೆಯುವವರೂ ಇರುತ್ತಾರೆ, ಹಿಡಿಯುವವರೂ ಇರುತ್ತಾರೆ.

ಇಷ್ಟೆಲ್ಲ ಕಲಿತ ಮೇಲೆ ಒಂದು ದಿನ ಫೋನು ಮಾಡಿ, "ಮಾವ, ಸ್ಪೋರ್ಟ್ಸ್ ಕಾರು ಬೇಡ ಅಂತ ಬಿಟ್ಟೆ. ಅಲ್ಲೇ ಒಂದು ಒಳ್ಳೇ ಜೀಪು ನೋಡಿ. ಒರಿಜಿನಲ್ ಇರಬೇಕು," ಅಂದ.

"ಹುಡುಕಿದರೆ ಸಿಗ್ತದೆ ಮಾರಾಯ. ಒರಿಜಿನಲ್ ಅಂದರೆ ಎಂತ ಅಂತ ನೀನು ಬಂದು ಹೇಳು," ಅಂದೆ.

ನಮ್ಮ ಕಡೆ ಜೀಪು ಅಂದರೆ ಸವಾರಿಯ ವಸ್ತು ಅಲ್ಲ. ಕೊಯ್ಲಿನ ಆಳುಗಳು, ಹಣ್ಣು ತುಂಬಿದ ಚೀಲ, ಗೊಬ್ಬರ, ಅಡಿಕೆ, ಹೆರಿಗೆ ನೋವು ಬಂದವರು, ಮದುವೆಯ ಪಾತ್ರೆ, ಎಲ್ಲವೂ ಅದರಲ್ಲೇ ಹೋಗಿ ಬಂದಿವೆ. ಕ್ಯಾತನಮಕ್ಕಿ ನೋಡಲು ಬಂದ ಪ್ರವಾಸಿಗರನ್ನು ಗುಡ್ಡ ಹತ್ತಿಸುವುದೂ ಅದೇ. ಇದರ ಕುಲಗೋತ್ರ ಉದ್ದ ಇದೆ. ಎರಡನೇ ಮಹಾಯುದ್ಧದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. 1945ರಲ್ಲಿ ಶುರುವಾದ ಮಹೀಂದ್ರ ಕಂಪನಿ ಆ ದಶಕ ಮುಗಿಯುವುದರೊಳಗೆ ವಿಲ್ಲಿಸ್ ಜೀಪನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಆಮೇಲೆ ಬಂದದ್ದು ಎತ್ತರದ ಬಾನೆಟ್ಟಿನ ಸಿಜೆ-3ಬಿ. ಅದರ ಪೆಟ್ರೋಲ್ ಎಂಜಿನ್ ಎತ್ತರ ಇದ್ದದ್ದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಅಮೆರಿಕದಲ್ಲಿ 1968ಕ್ಕೆ ಅದರ ಕಥೆ ಮುಗಿಯಿತು, ನಮ್ಮಲ್ಲಿ ಮುಗಿಯಲಿಲ್ಲ. ಎಂಬತ್ತರ ದಶಕದಲ್ಲಿ ಎಂಎಂ 540 ಬಂತು, ಫ್ರಾನ್ಸಿನ ಪ್ಯೂಜೋ ಕಂಪನಿಯ ಲೈಸೆನ್ಸಿನ ಡೀಸೆಲ್ ಎಂಜಿನ್ ಹೊತ್ತುಕೊಂಡು. ಎಕ್ಸ್‌ಡಿಪಿ 4.90 ಅಂತ ಅದರ ಹೆಸರು: ನಾಲ್ಕು ಸಿಲಿಂಡರ್, ಒಂದೊಂದರ ಬೋರು 90 ಮಿಲಿಮೀಟರ್, ಒಟ್ಟು 2112 ಸಿಸಿ. ಕಳಸದ ಸುತ್ತ ಮೂವತ್ತು ನಲವತ್ತು ವರ್ಷದಿಂದ ಗುಡ್ಡ ಹತ್ತುತ್ತಿರುವ ಜೀಪುಗಳಲ್ಲಿ ಬಹಳಷ್ಟು ಇವೇ. ಇದಕ್ಕೆ ಬದಲಿಯಾಗಿ ಕೆಲವರು 2523 ಸಿಸಿಯ ಡಿಐ ಎಂಜಿನ್ ಕೂರಿಸಿಕೊಂಡಿದ್ದಾರೆ. ಅದು ಟ್ರ್ಯಾಕ್ಟರಿನ ವಂಶದ್ದು, ಜೋರು ಹೆಚ್ಚು, ಸದ್ದೂ ಹೆಚ್ಚು. ಕಿವಿ ಇದ್ದವರಿಗೆ ರಸ್ತೆ ತಿರುವಿನಾಚೆ ಬರುವ ಗಾಡಿಯಲ್ಲಿ ಯಾವ ಎಂಜಿನ್ ಇದೆ ಅಂತ ಗೊತ್ತಾಗುತ್ತದೆ.

ವಂಶ ಇಷ್ಟು ಉದ್ದ ಇರುವಲ್ಲಿ ಮೋಸಕ್ಕೂ ಕೊರತೆ ಇಲ್ಲ. ಯಾರಾದರೂ ಯುದ್ಧಕಾಲದ ಜೀಪು ಅಂತ ತೋರಿಸಿದರೆ ಮೊದಲು ಮುಂಭಾಗದ ಜಾಲರಿಯ ಸೀಳು ಎಣಿಸಬೇಕು. ಯುದ್ಧದ ಜೀಪಿಗೆ ಒಂಬತ್ತು, ಆಮೇಲಿನ ನಾಗರಿಕ ಜೀಪಿಗೆ ಏಳು. ನಂತರ ಬಗ್ಗಿ ರೇಡಿಯೇಟರಿನ ಕೆಳಗೆ ಚಾಸಿಯ ಎರಡು ಕಂಬಿ ಸೇರಿಸುವ ಅಡ್ಡಪಟ್ಟಿ ನೋಡಬೇಕು. ಅದು ಕೊಳವೆಯ ಹಾಗೆ ಉರುಟಾಗಿದ್ದರೆ ವಿಲ್ಲಿಸ್, ಮಗುಚಿದ ದೋಣಿಯ ಹಾಗಿದ್ದರೆ ಫೋರ್ಡ್. ಫೋರ್ಡಿನವರು ಇನ್ನೂ ಒಂದು ಗುರುತು ಬಿಟ್ಟಿದ್ದಾರೆ: ತಮ್ಮ ಬೋಲ್ಟುಗಳ ತಲೆಯ ಮೇಲೂ ಎಫ್ ಅಕ್ಷರ ಒತ್ತಿಸಿದ್ದರು. ಇದೆಲ್ಲ ಯಾಕೆ ಬೇಕು ಅಂದರೆ ಹರಿಯಾಣದ ಮಂಡಿ ಡಬ್ವಾಲಿ ಮತ್ತು ಪಂಜಾಬಿನ ಮೋಗಾದಲ್ಲಿ ಯಾವ ಜೀಪನ್ನಾದರೂ ಕೊಯ್ದು, ಬಾನೆಟ್ಟು ತಗ್ಗಿಸಿ, ಹೊಸ ತಗಡು ಹೊಡೆದು 'ವಿಲ್ಲಿಸ್' ಮಾಡಿಕೊಡುವ ಕುಶಲಕರ್ಮಿಗಳಿದ್ದಾರೆ. ಅವರ ಕೈಕೆಲಸದ ಬಗ್ಗೆ ನನಗೆ ಗೌರವವೇ ಇದೆ. ಆದರೆ ಅದರ ಮೇಲೆ 1942 ಅಂತ ಬರೆಸಿಕೊಂಡು ತಿರುಗುವವರ ಬಗ್ಗೆ ಇಲ್ಲ. ಇಂಥವರು ಮಾಡುವ ಇನ್ನೊಂದು ಕೆಲಸ ಮಿಲಿಟರಿ ಹಸಿರು ಬಳಿಸುವುದು. ಆಲಿವ್ ಹಸಿರು ಬಣ್ಣ ಸೈನ್ಯದ ಗಾಡಿಗೆ ಮಾತ್ರ, ಖಾಸಗಿಯವರು ಬಳಿಯುವಂತಿಲ್ಲ ಅಂತ ಕೇಂದ್ರ ಮೋಟಾರು ವಾಹನ ನಿಯಮವೇ ಇದೆ.

ನಮ್ಮ ಜಿಲ್ಲೆಯಲ್ಲಿ ಸ್ಪೋರ್ಟ್ಸ್ ಕಾರಿಗೆ ತೀರ ಹತ್ತಿರದ ನೆಂಟ ಯಾರಾದರೂ ಇದ್ದರೆ ಅದು ಜಿಪ್ಸಿ. ಚಿಕ್ಕಮಗಳೂರಿನ ಕಾಫಿ ತೋಟಗಳ ಒಳರಸ್ತೆಗಳಲ್ಲಿ ರಾಷ್ಟ್ರೀಯ ರ್‍ಯಾಲಿಯ ಸುತ್ತುಗಳು ನಡೆದಿವೆ, ಏಷ್ಯಾ ಪೆಸಿಫಿಕ್ ರ್‍ಯಾಲಿಯ ಭಾರತದ ಸುತ್ತೂ ನಡೆದಿದೆ. ಕೆಂಪು ಧೂಳು ಎಬ್ಬಿಸಿಕೊಂಡು ಜಿಪ್ಸಿಗಳು ಸಿಲ್ವರ್ ಓಕ್ ಸಾಲಿನ ನಡುವೆ ಹಾರಿ ಬರುವುದನ್ನು ನೋಡಿದವರಿಗೆ ಅದನ್ನೇ ಕೊಳ್ಳಬೇಕು ಅನ್ನಿಸುವುದು ಸಹಜ. ಕೊಳ್ಳುವ ಮುಂಚೆ ಮ್ಯಾಟು ಎತ್ತಿ ನೋಡಬೇಕು. ನೆಲದ ತಗಡಿನಲ್ಲಿ ನಾಲ್ಕು ಮೂಲೆಗೆ ತೂತು ಮುಚ್ಚಿದ ಗುರುತಿದ್ದರೆ ಅಲ್ಲಿ ರೋಲ್ ಕೇಜಿನ ಕಾಲು ಕೂತಿತ್ತು ಅಂತ ಅರ್ಥ. ತಗಡಿನ ಜೋಡಣೆಗಳಿಗೆ ಉದ್ದಕ್ಕೂ ವೆಲ್ಡಿಂಗ್ ಎಳೆದಿದ್ದರೆ, ಶಾಕ್ ಅಬ್ಸಾರ್ಬರ್ ಕೂರುವಲ್ಲಿ ದಪ್ಪ ತಗಡು ಸೇರಿಸಿದ್ದರೆ, ಆ ಗಾಡಿ ಸಂತೆಗೆ ಹೋಗಿ ಬಂದದ್ದಲ್ಲ. 1985ರ ಕೊನೆಗೆ ಬಂದ ಮೊದಲಿನ ಜಿಪ್ಸಿಗೆ 970 ಸಿಸಿ ಎಂಜಿನ್, 1996ರ ಜಿಪ್ಸಿ ಕಿಂಗ್‌ಗೆ 1298 ಸಿಸಿ. ಹಳೆಯ ಮೈಯಲ್ಲಿ ಹೊಸ ಎಂಜಿನ್ ಕೂತಿದ್ದರೆ ಆರ್‌ಸಿಯಲ್ಲಿ ಅದು ಇದೆಯೋ ನೋಡಬೇಕು. ಅಳಿಯನಿಗೆ ಜಿಪ್ಸಿಯ ಆಸೆಯೂ ಇತ್ತು. ಪೆಟ್ರೋಲ್ ಲೆಕ್ಕ ಹೇಳಿದ ಮೇಲೆ ಹೋಯಿತು.

ನೋಡಲು ಹೋದ ಗಾಡಿ 540. ತೋಟ ಭದ್ರೆಯ ಆಚೆ, ಮುಖ್ಯರಸ್ತೆಯಿಂದ ಇಳಿದು ಹೋಗಬೇಕು. ಮಾರುವವರು ನನಗೆ ಪರಿಚಯದ ಹಿರಿಯರು, ಮಕ್ಕಳು ಹೊಸ ಗಾಡಿ ತಂದಿದ್ದರಿಂದ ಇದು ಶೆಡ್ಡಿನಲ್ಲಿ ನಿಂತಿತ್ತು. ಅಳಿಯ ಬೆಂಗಳೂರಿನಿಂದ ಒಂದು ಚೀಲ ತುಂಬ ಸಾಮಾನು ತಂದಿದ್ದ. ಅದರಲ್ಲೊಂದು ಬಣ್ಣದ ದಪ್ಪ ಅಳೆಯುವ ಯಂತ್ರ. ಕಾರಿನ ಮೈಗೆ ಒತ್ತಿದರೆ ಬಣ್ಣ ಎಷ್ಟು ದಪ್ಪ ಇದೆ ಅಂತ ಅಂಕಿ ತೋರಿಸುತ್ತದೆ. ಒಂದು ಬಾಗಿಲಲ್ಲಿ ಮಾತ್ರ ಹೆಚ್ಚು ತೋರಿಸಿದರೆ ಅಲ್ಲಿ ಗುದ್ದಿಸಿ ರಿಪೇರಿ ಮಾಡಿಸಿದ್ದಾರೆ ಅಂತ ತಿಳಿಯಬೇಕು. ಜೀಪಿಗೆ ಬಾಗಿಲೇ ಇರಲಿಲ್ಲ. ಬಾನೆಟ್ಟಿನ ಮೇಲೆ ಒತ್ತಿದ, ಏನೋ ಅಂಕಿ ಬಂತು. ಮಡ್‌ಗಾರ್ಡಿನ ಮೇಲೆ ಒತ್ತಿದ, ಯಂತ್ರ ಏನನ್ನೂ ಹೇಳಲಿಲ್ಲ. ನಮ್ಮ ಜತೆಗೆ ಬಂದಿದ್ದ ಗ್ಯಾರೇಜಿನ ಮೇಸ್ತ್ರಿ, "ಅಲ್ಲಿ ಪುಟ್ಟಿ ಬೆರಳು ದಪ್ಪ ಉಂಟು ಸಾರ್. ಅದರ ಮೇಲೆ ಇವರು ವರ್ಷ ವರ್ಷ ದೀಪಾವಳಿಗೆ ಬ್ರಶ್ಶಲ್ಲೇ ಬಳಿದದ್ದು. ನಿಮ್ಮ ಮೆಶಿನ್‌ಗೆ ತಗಡು ಮುಟ್ಟಲಿಕ್ಕೇ ಇಲ್ಲ," ಅಂದರು.

ಮೇಸ್ತ್ರಿಯ ಹತ್ತಿರ ಇದ್ದದ್ದು ಒಂದು ಸ್ಕ್ರೂಡ್ರೈವರ್, ಒಂದು ಪೆನ್ಸಿಲ್, ಬೀಡಿ ಕಟ್ಟಿನ ಹಾಗೆ ಸುತ್ತಿದ ಬಿಳಿ ಕಾಗದ. ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯ ಉದ್ದಕ್ಕೂ ಕುಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ತುಕ್ಕು ತಿಂದಲ್ಲಿ ದಬ್ ಅನ್ನುತ್ತದೆ. ಮಳೆಗಾಲದ ಕೆಸರು ಚಾಸಿಯ ಒಳಗೆ ಕೂತು ತೇವ ಆರದೆ ಅಲ್ಲೇ ತಿನ್ನತೊಡಗುತ್ತದೆ, ಮೇಲಿನಿಂದ ಕಾಣುವುದಿಲ್ಲ. ಕೆಎ-19, ಕೆಎ-20ರ ಗಾಡಿ, ಅಂದರೆ ಮಂಗಳೂರು ಉಡುಪಿ ಕಡೆಯದ್ದು ಆದರೆ, ನಮ್ಮವರು ಇನ್ನೂ ಎರಡು ಸಲ ಜಾಸ್ತಿ ಕುಟ್ಟುತ್ತಾರೆ. ಉಪ್ಪುಗಾಳಿಗೆ ಕಬ್ಬಿಣ ಅಂದರೆ ಪ್ರೀತಿ. ಇದು ಹುಟ್ಟಾ ಚಿಕ್ಕಮಗಳೂರಿನ ಕೆಎ-18. ಆದರೂ ಹಿಂದಿನ ಸ್ಪ್ರಿಂಗಿನ ಕೊಂಡಿ ಇರುವಲ್ಲಿ ಒಂದು ದಬ್ ಕೇಳಿಸಿತು. ಮೇಸ್ತ್ರಿ ಏನೂ ಹೇಳಲಿಲ್ಲ, ಅಲ್ಲಿಗೆ ಒಂದು ಗೀಟು ಹಾಕಿದರು.

ಆಮೇಲೆ ಮುಂದಿನ ಚಕ್ರದ ಹಿಂದೆ ಕೆಸರು ಕೆರೆದು, ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಚಾಸಿ ನಂಬರು ಹುಡುಕಿದರು. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ತಿಕ್ಕಿದರೆ ನಂಬರು ಬೆಳ್ಳಗೆ ಮೂಡುತ್ತದೆ. ಆರ್‌ಟಿಓದಲ್ಲಿ ಪ್ರಿಂಟ್ ತೆಗೆಯುವುದು ಅಂದರೆ ಇದೇ. ಕಣ್ಣಿಗೆ ಕಾಣದ್ದು ಪೆನ್ಸಿಲಿಗೆ ಕಾಣುತ್ತದೆ ಅನ್ನುವುದು ಮೇಸ್ತ್ರಿಯ ನಂಬಿಕೆ, ಮತ್ತು ಸರಿಯಾದ ನಂಬಿಕೆ. ಹಳೇ ನಂಬರನ್ನು ಗ್ರೈಂಡರಿನಿಂದ ಉಜ್ಜಿ ಹೊಸದು ಪಂಚ್ ಮಾಡಿದ್ದರೆ ಸುತ್ತಲಿನ ಕಬ್ಬಿಣದಲ್ಲಿ ಗೀರು ಮೂಡುತ್ತವೆ, ಅಂಕಿಗಳು ಒಂದೇ ಆಳಕ್ಕೆ ಇಳಿದಿರುವುದಿಲ್ಲ, ಸಾಲು ಡೊಂಕಾಗಿರುತ್ತದೆ. ನಮ್ಮೂರಿನ ಒಬ್ಬರು ಘಟ್ಟದ ಕೆಳಗಿನಿಂದ ತಂದ ಜೀಪಿನಲ್ಲಿ ನಂಬರು ಇದ್ದ ಅಂಗೈಯಗಲದ ತಗಡನ್ನೇ ಬೇರೆ ಗಾಡಿಯಿಂದ ಕೊಯ್ದು ತಂದು ವೆಲ್ಡ್ ಮಾಡಿದ್ದರು. ಅದು ಗೊತ್ತಾದದ್ದು ಎಫ್‌ಸಿಗೆ ಹೋದಾಗ. ಗಾಡಿ ಇವತ್ತಿಗೂ ಅವರ ಕಣದ ಮೂಲೆಯಲ್ಲಿ ಇದೆ, ಕೋಳಿ ಕೂರುತ್ತವೆ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟದ್ದು ಅಂತ ಕೆತ್ತಿದ ಬಂಡೆಯೊಂದು ಕಳಸದ ಹತ್ತಿರ ಅಂಬಾತೀರ್ಥದಲ್ಲಿದೆ. ಆ ಅಕ್ಷರಗಳನ್ನು ಉಜ್ಜಿ ಬೇರೆಯವರ ಹೆಸರು ಕೆತ್ತುವ ಆಲೋಚನೆ ಭದ್ರೆಯ ನೀರಿಗೂ ಬಂದಿಲ್ಲ. ಜೀಪಿನ ಚಾಸಿಗೆ ಆ ಭಾಗ್ಯ ಇಲ್ಲ.

ಚಾಸಿ ನಂಬರು ಆರ್‌ಸಿಗೆ ಸರಿಹೋಯಿತು. ಎಂಜಿನ್ ಬ್ಲಾಕಿನ ನಂಬರಿನ ಮೇಲೂ ಪೆನ್ಸಿಲ್ ತಿಕ್ಕಿದರು, ಅದೂ ಸರಿಹೋಯಿತು. ಅಳಿಯನ ಮುಖ ಅರಳಿತು. "ಮ್ಯಾಚಿಂಗ್ ನಂಬರ್ಸ್, ಮಾವ!" ಅಂದ.

ಎಂಜಿನ್ನಿನ ವಿಷಯಕ್ಕೆ ಬಂದರೆ, ಮಾರುವವರು ಬರುವವರಿಗಾಗಿ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಟ್ಟಿದ್ದಾರೋ ಅನ್ನುವುದು ಮೊದಲ ಪರೀಕ್ಷೆ. ಮೇಸ್ತ್ರಿ ಶೆಡ್ಡಿಗೆ ಕಾಲಿಟ್ಟ ಕೂಡಲೇ ಯಾರಿಗೂ ಗೊತ್ತಾಗದ ಹಾಗೆ ಬಾನೆಟ್ಟಿನ ಮೇಲೆ ಕೈಯೂರಿ ನಿಂತಿದ್ದರು. ತಣ್ಣಗಿತ್ತು. ಈ ಪ್ಯೂಜೋ ಎಂಜಿನ್ನಿಗೆ ಚಳಿಯಲ್ಲಿ ಹೀಟರ್ ಪ್ಲಗ್ ಕಾಯಬೇಕು. ಕಾಯದೆ ಹೊಡೆದರೆ ಬ್ಯಾಟರಿ ಸಾಯುತ್ತದೆಯೇ ಹೊರತು ಎಂಜಿನ್ ಏಳುವುದಿಲ್ಲ. ಕೀಲಿ ಹಿಡಿದು ಕಾಯಿಸಿ ಹೊಡೆದಾಗ ಕೆಮ್ಮಿ ಎದ್ದಿತು. ಮೊದಲಿಗೆ ಬಿಳಿ ಹೊಗೆ. ಅದಕ್ಕೆ ಹೆದರಬಾರದು, ತಣ್ಣಗಿನ ಡೀಸೆಲ್ ಎಂಜಿನ್ನಿನ ಸ್ವಭಾವ. ಬಿಸಿಯಾದ ಮೇಲೂ ಬಿಳಿಯೇ ಇದ್ದರೆ ನೀರು ಒಳಗೆ ಹೋಗುತ್ತಿದೆಯೋ ಅಂತ ನೋಡಬೇಕು. ಕಪ್ಪಾದರೆ ಪಂಪು ನಾಜಲ್ ಕೆಲಸ. ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗು ಲೈನರ್ ಸವೆದಿವೆ, ಅಲ್ಲಿಗೆ ಮಾತು ಬೇರೆ ದಾರಿ ಹಿಡಿಯುತ್ತದೆ.

ಮೇಸ್ತ್ರಿ ಓಡುತ್ತಿರುವ ಎಂಜಿನ್ನಿನ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದರು. ಒಳಗಿಂದ ಹೊಗೆ ಒತ್ತಿಕೊಂಡು ಬಂದರೆ ಬ್ಯಾಕ್ ಕಂಪ್ರೆಶನ್. ಸಿಲಿಂಡರಿನಲ್ಲಿ ಉಳಿಯಬೇಕಾದ ಒತ್ತಡ ರಿಂಗುಗಳ ಸಂದಿನಿಂದ ಕೆಳಕ್ಕೆ ನುಗ್ಗುತ್ತಿದೆ ಅಂತ. ಸ್ವಲ್ಪ ಇತ್ತು. ಡಿಪ್‌ಸ್ಟಿಕ್ ಎಳೆದು ಆಯಿಲನ್ನು ಬೆರಳಲ್ಲಿ ಉಜ್ಜಿ ನೋಡಿದರು. ಕಪ್ಪಾಗಿದ್ದರೆ ಅಡ್ಡಿಯಿಲ್ಲ, ಡೀಸೆಲ್ ಗಾಡಿಯ ಆಯಿಲ್ ಹಾಕಿದ ವಾರಕ್ಕೇ ಕಪ್ಪಾಗುತ್ತದೆ. ಹಾಲು ಬೆರೆತ ಬಣ್ಣಕ್ಕೆ ತಿರುಗಿರಬಾರದು. ಪಳಪಳ ಹೊಸ ಆಯಿಲ್ ಇದ್ದರೆ ಅದೂ ಅನುಮಾನವೇ: ಮಾರುವ ಹಿಂದಿನ ದಿನ ದಪ್ಪ ಆಯಿಲ್ ಹಾಕಿ ಹೊಗೆ, ಸದ್ದು ಎರಡನ್ನೂ ಒಂದು ವಾರದ ಮಟ್ಟಿಗೆ ಅಡಗಿಸುವ ವಿದ್ಯೆ ಗ್ಯಾರೇಜಿನವರಿಗೆಲ್ಲ ಗೊತ್ತು. ಪಂಪಿನ ಸೀಲು ಯಾರಾದರೂ ಬಿಚ್ಚಿದ್ದಾರೋ ಅಂತಲೂ ನೋಡಿದರು. ಡೀಸೆಲ್ ಪಂಪಿಗೆ ನಮ್ಮಲ್ಲಿ ಮೈಕೋ ಪಂಪು ಅಂತಲೇ ಹೆಸರು. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತು. ಬೆಂಗಳೂರಿನ ಬಸ್ ಸ್ಟಾಪಿನಲ್ಲಿ ಹಳೆಯ ಹೆಸರು ಹೇಗೆ ಉಳಿಯಿತೋ ಹಾಗೆ ನಮ್ಮ ಗ್ಯಾರೇಜುಗಳಲ್ಲೂ ಉಳಿದಿದೆ.

ಅಳಿಯ ಮೀಟರ್ ನೋಡಿ, "ಮಾವ, ನಲವತ್ತೆಂಟು ಸಾವಿರ ಕಿಲೋಮೀಟರ್ ಅಷ್ಟೇ ಓಡಿದೆ!" ಅಂದ. ಮೇಸ್ತ್ರಿ ನಕ್ಕರು. ಮೀಟರಿನ ಕೇಬಲ್ಲು ತುಂಡಾಗಿ ನೇತಾಡುತ್ತಿತ್ತು. ಅದು ಯಾವ ಶತಮಾನದಲ್ಲಿ ತುಂಡಾದದ್ದು ಅಂತ ಕೇಬಲ್ಲಿಗೂ ನೆನಪಿದ್ದ ಹಾಗಿರಲಿಲ್ಲ. ನಿಜ ಹೇಳಬೇಕೆಂದರೆ ಮೀಟರ್ ಓಡುತ್ತಿದ್ದರೂ ತೋಟದ ಜೀಪಿನ ಆಯುಸ್ಸು ಕಿಲೋಮೀಟರಿನಲ್ಲಿ ಗೊತ್ತಾಗುವುದಿಲ್ಲ. ನಾಲ್ಕು ಚಕ್ರಕ್ಕೂ ಗೇರು ಕೊಟ್ಟು ಲೋದಲ್ಲಿ ಏರು ಹತ್ತಿಸುವಾಗ ಅದೇ ದೂರಕ್ಕೆ ಎಂಜಿನ್ ಎರಡು ಎರಡೂವರೆ ಪಟ್ಟು ಹೆಚ್ಚು ತಿರುಗುತ್ತದೆ. ಗಾಳಿ ಕಡಿಮೆ, ಭಾರ ಹೆಚ್ಚು, ಕಾದ ರೇಡಿಯೇಟರ್. ಹೆದ್ದಾರಿಯಲ್ಲಿ ಲಕ್ಷ ಕಿಲೋಮೀಟರ್ ಓಡಿದ ಗಾಡಿಯ ಎಂಜಿನ್ನು, ಕಣದಿಂದ ಪಲ್ಪಿಂಗ್ ಮನೆಗೆ ಹತ್ತು ವರ್ಷ ಚೀಲ ಹೊತ್ತ ಗಾಡಿಯದ್ದಕ್ಕಿಂತ ಗಟ್ಟಿ ಇರಬಹುದು. ಇಲ್ಲಿ ಕೇಳಬೇಕಾದ್ದು ಎಷ್ಟು ಕೊಯ್ಲು ಕಂಡಿದೆ ಅಂತ.

ಕಾಗದಗಳ ಮಾತು ಬೇಗ ಮುಗಿಸುತ್ತೇನೆ. ಫೋನಿನಲ್ಲಿ ಗಾಡಿಯ ನಂಬರು ಒತ್ತಿದರೆ ಎಷ್ಟನೇ ಮಾಲೀಕರು, ಇನ್ಶೂರೆನ್ಸ್ ಇದೆಯೋ, ಬ್ಯಾಂಕಿನ ಸಾಲ ಇದೆಯೋ ಅನ್ನುವುದು ಈಗ ಬರುತ್ತದೆ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಗೆ ಐದೈದು ವರ್ಷಕ್ಕೆ ಎಫ್‌ಸಿ ಮಾಡಿಸಿ ಆರ್‌ಸಿ ಮುಂದುವರಿಸಬೇಕು, 2022ರ ಏಪ್ರಿಲ್‌ನಲ್ಲಿ ಕಾರು ಜೀಪುಗಳಿಗೆ ಆ ಶುಲ್ಕ ಆರುನೂರರಿಂದ ಐದು ಸಾವಿರಕ್ಕೆ ಏರಿತು. ಇವೆಲ್ಲಕ್ಕಿಂತ ಮುಖ್ಯ ಬಿ ಎಕ್ಸ್‌ಟ್ರ್ಯಾಕ್ಟ್. ಆರ್‌ಟಿಓದ ರಿಜಿಸ್ಟರಿನಲ್ಲಿ ಆ ಗಾಡಿಯ ಹೆಸರಿಗೆ ಬರೆದದ್ದರ ನಕಲು ಅದು. ಆರ್‌ಸಿ ಇವತ್ತಿನ ಸ್ಥಿತಿ ಹೇಳಿದರೆ, ಬಿ ಎಕ್ಸ್‌ಟ್ರ್ಯಾಕ್ಟ್ ಹಿಂದಿನದನ್ನೂ ಹೇಳುತ್ತದೆ. ನಾನು ಚಿಕ್ಕಮಗಳೂರಿಗೆ ಹೋದಾಗ ತೆಗೆಸಿಕೊಂಡು ಬಂದೆ. ಅದರಲ್ಲಿ ನಡುವೆ ಒಂದು ಕಡೆ ಎಂಜಿನ್ ನಂಬರು ಬದಲಾಗಿತ್ತು.

ಅಂದರೆ ಗಾಡಿಯ ಮೇಲೆ ಇದ್ದ ನಂಬರೂ ಆರ್‌ಸಿಯಲ್ಲಿದ್ದ ನಂಬರೂ ಒಂದೇ, ಆದರೆ ಕಾರ್ಖಾನೆಯಿಂದ ಬಂದ ಎಂಜಿನ್ ಅದಲ್ಲ. ಹಿರಿಯರು ಕಾನೂನು ಪ್ರಕಾರ ನಡೆದಿದ್ದರು: ಎಂಜಿನ್ ಬದಲಿಸಿದರೆ ಆರ್‌ಟಿಓ ಒಪ್ಪಿಗೆ ಪಡೆದು ಬರೆಸಬೇಕು, ಬರೆಸಿದ್ದರು. ಎಷ್ಟು ಜನ ಬರೆಸುತ್ತಾರೆ? ಕಂಪನಿ ಕೊಟ್ಟ ರೂಪದಿಂದ ಗಾಡಿಯನ್ನು ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲಂತೂ ಬದಲಿಸಿದವರು ಬಾಯಿ ಬಿಡುವುದೇ ಕಡಿಮೆ. ಅಳಿಯ ಮಾತ್ರ ಮಂಕಾದ. ಬೇಡ ಮಾವ, ಬೇರೆ ನೋಡುವ ಅಂದ.

ನನಗೆ ಅವನ ಮೇಲೆ ಸ್ವಲ್ಪ ಸಿಟ್ಟು ಬಂತು. ಆ ಸಿಟ್ಟಿನಲ್ಲೇ, ಅವನೇ ಹಿಂದೊಮ್ಮೆ ನನಗೆ ಹೇಳಿದ್ದ ಕತೆಯನ್ನು ಅವನಿಗೆ ವಾಪಸ್ ಹೇಳಿದೆ. ಬೆಂಟ್ಲಿ ಕಂಪನಿಯ ಸ್ಪೀಡ್ ಸಿಕ್ಸ್ ಕಾರೊಂದು 1929ರಲ್ಲೂ 1930ರಲ್ಲೂ ಫ್ರಾನ್ಸಿನ ಲ ಮಾನ್ ಪಂದ್ಯ ಗೆದ್ದಿತ್ತು. ಓಲ್ಡ್ ನಂಬರ್ ಒನ್ ಅಂತ ಅದರ ಹೆಸರು. ಆಮೇಲೂ ಪಂದ್ಯ ಓಡಿತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಅಪಘಾತವಾಗಿ ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ಸತ್ತ. ಮತ್ತೆ ಕಟ್ಟಿದರು. 1990ರಲ್ಲಿ ಅದನ್ನು ಸುಮಾರು ಒಂದು ಕೋಟಿ ಪೌಂಡಿಗೆ ಮಾರುವ ಒಪ್ಪಂದ ಆದಾಗ ಕೊಳ್ಳುವವರು, ಇದರಲ್ಲಿ ಹಳೆಯದ್ದು ಏನೂ ಉಳಿದಿಲ್ಲ, ಇದು ಆ ಕಾರೇ ಅಲ್ಲ ಅಂತ ಹಿಂದೆ ಸರಿದರು. ಲಂಡನ್ನಿನ ಹೈಕೋರ್ಟಿನಲ್ಲಿ ಜಸ್ಟೀಸ್ ಆಟನ್ ಬೋಲ್ಟು ಬೋಲ್ಟಿನ ಚರಿತ್ರೆ ಕೇಳಿಸಿಕೊಂಡು, 1929ರ ಕಾರು ಹಾಗೇ ಉಳಿದಿಲ್ಲ ನಿಜ, ಆದರೆ ಪಂದ್ಯದಿಂದ ಪಂದ್ಯಕ್ಕೆ ಬದಲಾಗುತ್ತಾ ಬಂದರೂ ನಡುವೆ ಎಲ್ಲೂ ಕಡಿಯದೆ ಬಂದ ಕಾರು ಇದೇ, ಆ ಹೆಸರಿಗೆ ಇದಕ್ಕೆ ಹಕ್ಕಿದೆ ಅನ್ನುವ ಅರ್ಥದ ತೀರ್ಪು ಕೊಟ್ಟರು. ದುಡಿದ ಗಾಡಿಯ ವಿಷಯದಲ್ಲಿ ಇದಕ್ಕಿಂತ ನ್ಯಾಯದ ಮಾತು ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಸರ್ಕಾರದ ಮನಸ್ಸು ಬೇರೆ. 2021ರ ಜುಲೈಯಲ್ಲಿ ಬಂದ ವಿಂಟೇಜ್ ವಾಹನದ ನಿಯಮದಲ್ಲಿ ಐವತ್ತು ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಯಾವುದನ್ನೂ ಹೆಚ್ಚು ಬದಲಿಸಿರಬಾರದು. ಹಾಗಿದ್ದರೆ ಇಪ್ಪತ್ತು ಸಾವಿರ ಶುಲ್ಕ ಕಟ್ಟಿ ವಿಎ ಅಕ್ಷರದ ಪ್ಲೇಟು ಪಡೆಯಬಹುದು. ಅರಮನೆಯ ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ಮಲಗಿದ ಕಾರುಗಳಿಗೆ ಆ ನಿಯಮ ಚೆನ್ನಾಗಿ ಹೊಂದುತ್ತದೆ. ಕಳಸದಲ್ಲಿ ಐವತ್ತು ವರ್ಷ ಎಂಜಿನ್ ಬದಲಿಸದೆ ಉಳಿದ ಜೀಪು ಯಾವುದಾದರೂ ಇದ್ದರೆ ಅದನ್ನು ಯಾರೂ ಗುಡ್ಡಕ್ಕೆ ಕರೆದುಕೊಂಡು ಹೋಗಿಲ್ಲ ಅಂತಲೇ ಲೆಕ್ಕ. ನಾನಂತೂ ಅಂಥದ್ದನ್ನು ಕೊಳ್ಳಲಾರೆ. ಯಾಕೆ ಬದಲಿಸಿದರು ಅಂತ ಹೇಳಬಲ್ಲವರು ಇರುವ ಗಾಡಿಯನ್ನು ಕೊಳ್ಳುತ್ತೇನೆ.

ಹೇಳಬಲ್ಲವರು ಇದ್ದರು. ಎರಡನೇ ಸಲ ಹೋದಾಗ ಹಿರಿಯರ ಹಳೆಯ ಡ್ರೈವರ್ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಈಗ ಓಡಿಸುವುದಿಲ್ಲ, ಕಣ್ಣು ಮಂಜು. ನಾನು ಸುಮ್ಮನೆ, "ಈ ಗಾಡಿ ಎಂಜಿನ್ ಯಾಕೆ ಬದಲಿಸಿದ್ದು?" ಅಂತ ಕೇಳಿದ್ದಷ್ಟೇ. ಒಂದು ಗಂಟೆ ಮಾತಾಡಿದರು. ಮೊದಲಿನ ಎಂಜಿನ್ನಿನ ಬ್ಲಾಕು ಒಡೆದದ್ದು ಮಾಗುಂಡಿ ಹತ್ತಿರ, ಆ ಮನೆಯ ಸಣ್ಣಯ್ಯನವರು ರೇಡಿಯೇಟರ್ ನೀರು ನೋಡದೆ ಮದುವೆ ದಿಬ್ಬಣ ಹೊಡೆದಾಗ. ಮಂಗಳೂರಿನಿಂದ ಇನ್ನೊಂದು ಪ್ಯೂಜೋ ಎಂಜಿನ್ ತರಿಸಿದ್ದು, ಡಿಐ ಕೂರಿಸಿ ಅಂತ ಎಲ್ಲರೂ ಹೇಳಿದರೂ ಯಜಮಾನರು ಒಪ್ಪದೇ ಇದ್ದದ್ದು. ಆ ಎಂಜಿನ್ನಿಗೆ ಒಮ್ಮೆ ಲೈನರ್ ಪಿಸ್ಟನ್ ಹೊಸದು ಹಾಕಿದ್ದು, ಕ್ರ್ಯಾಂಕು ಮುಟ್ಟಿಲ್ಲ. ಹಿಂದಿನ ಸ್ಪ್ರಿಂಗಿನ ಕೊಂಡಿಯ ಹತ್ತಿರ ಚಾಸಿ ಬಿರುಕು ಬಿಟ್ಟು ಪಟ್ಟಿ ಹೊಡೆದದ್ದು. ಮೇಸ್ತ್ರಿ ನನ್ನ ಕಡೆ ನೋಡಿದರು. ಅವರು ಗೀಟು ಹಾಕಿದ್ದು ಅಲ್ಲೇ. ಮುಂದಿನ ಆಕ್ಸಲ್ಲಿನ ಒಂದು ಬದಿಯ ಜಾಯಿಂಟು ಸವೆದಿದೆ, ಬಲಕ್ಕೆ ಪೂರ್ತಿ ತಿರುಗಿಸಿದರೆ ಟಕಟಕ ಅನ್ನುತ್ತದೆ. ಎರಡನೇ ಗೇರು ಇಳಿಜಾರಿನಲ್ಲಿ ಹಾರುತ್ತದೆ, ಕೈ ಒತ್ತಿ ಹಿಡಿದಿರಬೇಕು. ಅಳಿಯ ಎಲ್ಲವನ್ನೂ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದ. ಸ್ಪೋರ್ಟ್ಸ್ ಕಾರಿನವರು ಇಂಥ ಚರಿತ್ರೆಗಾಗಿ ಕಂಪನಿಗೆ ದುಡ್ಡು ಕಟ್ಟಿ ಸರ್ಟಿಫಿಕೇಟ್ ತರಿಸುತ್ತಾರಂತೆ. ಅದರಲ್ಲಿ ದಿಬ್ಬಣದ ವಿಷಯ ಇರಲಿಕ್ಕಿಲ್ಲ.

ಗೇರಿನ ಮಾತು ಬರುವ ಹೊತ್ತಿಗೆ ಹಿರಿಯರು ಒಳಗಿಂದ ಕಾಫಿ ಹಿಡಿದು ಬಂದಿದ್ದರು.

"ಎಂತ ಮಾರಾಯ, ನೀನು ಯಾರ ಕಡೆ? ಗಾಡಿ ಮಾರುವುದು ನಾನು," ಅಂದರು.

"ನಾನು ಗಾಡಿ ಕಡೆ ಅಯ್ಯಾ," ಅಂದರು ಡ್ರೈವರ್, ಅಡಿಕೆಯಿಂದ ತಲೆ ಎತ್ತದೆ. "ಗೊತ್ತಿಲ್ಲದವರ ಕೈಗೆ ಹೋಗಿ ಚಾರ್ಮಾಡಿಯಲ್ಲಿ ಗೇರು ಹಾರಿದರೆ?"

ಹಿರಿಯರು ನಕ್ಕುಬಿಟ್ಟರು. ಬೆಲೆಯ ಮಾತು ಅಲ್ಲಿಂದ ಶುರುವಾಗಿ, ಗೇರ್‌ಬಾಕ್ಸಿನ ಖರ್ಚು ಇಳಿಸಿ, ಹೊಸ ಬ್ಯಾಟರಿಯ ಖರ್ಚು ಏರಿಸಿ, ಎರಡನೇ ಕಾಫಿಗೆ ಮುಗಿಯಿತು. ಫಾರಂ 29, 30ಕ್ಕೆ ಸಹಿ ಹಾಕಿದರು. ಮೇಸ್ತ್ರಿಗೆ ನಾನು ಕೊಟ್ಟದ್ದನ್ನು ಹಿರಿಯರು ನೋಡಿ, ಇಷ್ಟೆಲ್ಲ ಕುಟ್ಟಿದ್ದಕ್ಕೆ ಇಷ್ಟೇನಾ ಅಂದರು.

ಮೇಸ್ತ್ರಿ ಗೇರ್‌ಬಾಕ್ಸ್ ಬಿಚ್ಚಿ ಕೂರಿಸಿ ಕೊಟ್ಟಿದ್ದಾರೆ, ಎರಡನೇ ಗೇರು ಈಗ ಹಾರುವುದಿಲ್ಲ. ಗಾಡಿ ನಮ್ಮ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿದೆ. ಬೆಂಗಳೂರಿಗೆ ಒಯ್ಯುತ್ತೇನೆ ಅಂತ ಅಳಿಯ ಬಂದಾಗಲೆಲ್ಲ ಹೇಳುತ್ತಾನೆ, ಅಪಾರ್ಟ್‌ಮೆಂಟಿನಲ್ಲಿ ಪಾರ್ಕಿಂಗ್ ಸಿಕ್ಕಿಲ್ಲವಂತೆ. ಸಿಗುವವರೆಗೆ ಸುಮ್ಮನೆ ನಿಲ್ಲಿಸಿದರೆ ಗಾಡಿ ಹಾಳಾಗುತ್ತದೆ ಅಂತ ನಾನು ಅದರಲ್ಲಿ ಗೊಬ್ಬರ ಹೊಡೆಯುತ್ತಿದ್ದೇನೆ. ಡೀಸೆಲ್ ಅವನದ್ದು.